‘ಗುರ್’ ಅಂದರೆ ‘ಬ್ರೇಕ್ ನಾಯ್ಸ್’ ಅಲ್ಲ ಸ್ವಾಮೀ!

ಒಂದು ಸಣ್ಣ ಪರೀಕ್ಷೆ. ನಿಮ್ಮ ಕಾರೋ, ಅಪ್ಪನ ಕಾರೋ, ಓಡಿಸಿ ಹೊಟ್ಟೆ ಹೊರೆಯುವ ಬಾಡಿಗೆ ಕಾರೋ, ಯಾವುದಾದರೂ ಸರಿ. ಒಳಗೆ ಕೂತು ಕೀಲಿ ತಿರುಗಿಸಿ. ಇಂಜಿನ್ ಚಾಲೂ ಮಾಡಬೇಡಿ. ಮೀಟರಿನ ತುಂಬ ದೀಪಾವಳಿ ಹಚ್ಚಿದ ಹಾಗೆ ದೀಪಗಳು ಹೊತ್ತಿಕೊಳ್ಳುತ್ತವೆ. ಅವುಗಳ ನಡುವೆ ಹಳದಿ ಬಣ್ಣದ್ದು, ದುಂಡಗಿನದು, ಹೊಟ್ಟೆಯ ಮೇಲೆ ಎಬಿಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದುಕೊಂಡಿರುವುದು ಒಂದಿದೆ. ಕೆಲವೇ ಸೆಕೆಂಡುಗಳಲ್ಲಿ ಅದು ಆರಬೇಕು. ಆರಿತೆ? ಸಂತೋಷ. ಆರಲಿಲ್ಲವೇ? ಅಥವಾ ಹೊತ್ತಿಕೊಳ್ಳಲೇ ಇಲ್ಲವೇ? ಹಾಗಾದರೆ ಈ ಪುಟ ನಿಮಗಾಗಿಯೇ ಬರೆದದ್ದು.

ಕನ್ನಡದ ಪತ್ರಿಕೆಯಲ್ಲಿ ಕಾರಿನ ಬ್ರೇಕಿಗೇನು ಕೆಲಸ ಎಂದು ಮೂಗು ಮುರಿಯಬೇಡಿ. ಗಡಿ, ನದಿ, ಬೋರ್ಡು, ಬ್ಯಾಂಕಿನ ಚಲನ್, ಇಷ್ಟೇ ಕನ್ನಡದ ಪ್ರಶ್ನೆ ಎಂದು ಯಾರು ಹೇಳಿದರು? ನಿಮ್ಮ ಬಲಗಾಲಿನ ಕೆಳಗೆ ಒಂದು ಪೆಡಲ್ ಇದೆ. ಹಿಂದಿನ ಸೀಟಿನಲ್ಲಿ ಕೂತ ಅಪ್ಪ ಅಮ್ಮ, ಎದುರಿಗೆ ರಸ್ತೆ ದಾಟುವ ಶಾಲೆಯ ಹುಡುಗಿ, ಎಲ್ಲರ ಜೀವವೂ ಆ ಪೆಡಲಿನ ಮೇಲಿದೆ. ಅದು ಕೆಟ್ಟಾಗ ‘ಹೀಗೆ ಕೆಟ್ಟಿದೆ’ ಎಂದು ನಿಮ್ಮ ಭಾಷೆಯಲ್ಲಿ ಹೇಳಿ, ನಿಮ್ಮ ಭಾಷೆಯಲ್ಲೇ ಉತ್ತರ ಪಡೆಯುವ ಹಕ್ಕು ನಿಮಗಿದೆಯೋ ಇಲ್ಲವೋ? ಇದು ಸಾಹಿತ್ಯ ಸಮ್ಮೇಳನದ ಗೋಷ್ಠಿಯಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಸರ್ವೀಸ್ ಸೆಂಟರಿನ ಕೌಂಟರಿನ ಮುಂದೆ, ನನ್ನ ಜೇಬಿಗೆ ಕತ್ತರಿ ಬಿದ್ದಾಗ ಹುಟ್ಟಿದ ಪ್ರಶ್ನೆ.

ನಡೆದದ್ದು ಹೇಳುತ್ತೇನೆ, ಕೇಳಿ.

ನನ್ನದು ಸೆಕೆಂಡ್ ಹ್ಯಾಂಡ್ ಕಾರು. ವಯಸ್ಸಾದ ಗಾಡಿ. ಒಂದು ಮಳೆಗಾಲ ಮುಗಿದ ಮೇಲೆ ಅದಕ್ಕೊಂದು ವಿಚಿತ್ರ ಚಾಳಿ ಶುರುವಾಯಿತು. ಜೋರಾಗಿ ಹೋಗುವಾಗ ಬ್ರೇಕ್ ಹಾಕಿದರೆ ಏನೂ ಇಲ್ಲ. ಸಿಗ್ನಲ್ ಬಂತು, ನಿಧಾನ ಮಾಡಿದೆ, ಇನ್ನೇನು ನಿಲ್ಲಬೇಕು ಎನ್ನುವ ಕೊನೆಯ ಗಳಿಗೆಯಲ್ಲಿ ಪೆಡಲ್ ಕಾಲಡಿಯಲ್ಲಿ ಗುರ್ ಎಂದು ಒದೆಯುತ್ತದೆ, ಗಾಡಿ ಒಂದು ಮಾರು ಮುಂದೆ ಜಾರಿ ನಿಲ್ಲುತ್ತದೆ. ಒಣ ರಸ್ತೆಯಲ್ಲಿ! ಮುಂದಿದ್ದ ಆಟೋದ ಬೆನ್ನಿಗೆ ಎರಡು ಸಲ ಮುತ್ತಿಡುವುದು ಸ್ವಲ್ಪದರಲ್ಲಿ ತಪ್ಪಿತು. ನಗರದ ಒಂದು ದೊಡ್ಡ ಸರ್ವೀಸ್ ಸೆಂಟರಿಗೆ ಹೋದೆ. ಹೆಸರು ಬೇಡ, ಎಲ್ಲ ಕಡೆಯೂ ಇದೇ ಹಣೆಬರಹ. ಕೌಂಟರಿನಲ್ಲಿ ಕೂತಿದ್ದ ಹುಡುಗಿ ಹಾಸನದ ಕಡೆಯವಳು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಮೇಲೆ ಬರೆದ ಅಷ್ಟೂ ವಿವರವನ್ನು ಕನ್ನಡದಲ್ಲಿ ಹೇಳಿದೆ. ಆಕೆ ತಾಳ್ಮೆಯಿಂದ ಕೇಳಿದಳು, ತಲೆ ಅಲ್ಲಾಡಿಸಿದಳು, ಕಂಪ್ಯೂಟರಿನಲ್ಲಿ ಎರಡೇ ಎರಡು ಪದ ಕುಟ್ಟಿದಳು. ಜಾಬ್ ಕಾರ್ಡ್ ಕೈಗೆ ಬಂತು. ದೂರಿನ ಜಾಗದಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟು: ‘ಬ್ರೇಕ್ ನಾಯ್ಸ್’.

ಬ್ರೇಕಿನ ಸದ್ದು! ನಾನು ಹೇಳಿದ್ದರಲ್ಲಿ ‘ನಿಧಾನದಲ್ಲಿ ಮಾತ್ರ’ ಎಲ್ಲಿ ಹೋಯಿತು? ‘ನಿಲ್ಲುವ ಮುಂಚೆ’ ಎಲ್ಲಿ ಹೋಯಿತು? ‘ಪೆಡಲ್ ಒದೆಯುತ್ತದೆ’ ಎಲ್ಲಿ ಹೋಯಿತು? ಒಳಗಿದ್ದ ಮೆಕ್ಯಾನಿಕ್ ಹುಡುಗ ಆ ಎರಡು ಪದ ಓದಿದ, ತನ್ನ ಧರ್ಮ ತಾನು ಮಾಡಿದ. ಮುಂದಿನ ಎರಡೂ ಚಕ್ರದ ಬ್ರೇಕ್ ಪ್ಯಾಡ್ ಬದಲಾಯಿಸಿದ. ಅವನದೇನು ತಪ್ಪು? ಸದ್ದು ಎಂದರೆ ಪ್ಯಾಡ್. ನಾನು ದುಡ್ಡು ಕೊಟ್ಟೆ. ಚಾಳಿ ಹಾಗೇ ಉಳಿಯಿತು. ಹತ್ತು ದಿನ ಕಳೆದ ಮೇಲೆ ಹಳದಿ ದೀಪವೂ ಹೊತ್ತಿಕೊಂಡಿತು. ಮತ್ತೆ ಹೋದೆ. ಈ ಸಲ ತೀರ್ಪು ಬಂತು: ‘ಎಬಿಎಸ್ ಯೂನಿಟ್ ಕಂಪ್ಲೇಂಟ್, ರಿಪ್ಲೇಸ್ ಮಾಡಬೇಕು.’ ಎಸ್ಟಿಮೇಟ್ ನೋಡಿದೆ. ನನ್ನ ಎರಡು ತಿಂಗಳ ಸಂಬಳ. ಯಾಕೆ, ಹೇಗೆ ಗೊತ್ತಾಯಿತು, ಏನು ಪರೀಕ್ಷೆ ಮಾಡಿದಿರಿ ಎಂದು ಕೇಳಿದರೆ ಟೈ ಕಟ್ಟಿಕೊಂಡ ಮಹಾಶಯ ಇಂಗ್ಲಿಷಿನಲ್ಲಿ ಮಂತ್ರ ಹೇಳಿದ. ಪುರೋಹಿತರ ಮಂತ್ರವಾದರೂ ಅರ್ಥವಾಗದಿದ್ದರೆ ಬರೀ ದಕ್ಷಿಣೆ ಹೋಗುತ್ತದೆ. ಇಲ್ಲಿ ಬ್ರೇಕೂ ಹೋಗುತ್ತದೆ.

ಗಾಡಿ ಬಿಡಿಸಿಕೊಂಡು ಬಂದೆ. ಕಲಾಸಿಪಾಳ್ಯದ ಹತ್ತಿರ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದಾರೆ. ಮನೆಮಾತು ಉರ್ದು, ಅಂಗಡಿಯ ಮಾತು ಕನ್ನಡ. ಅವರು ಬಾನೆಟ್ ಎತ್ತಲಿಲ್ಲ. ಮೊದಲು ಟೀ ತರಿಸಿದರು, ಆಮೇಲೆ ಪ್ರಶ್ನೆ ಕೇಳಿದರು. ಹಳದಿ ದೀಪ ಕೀಲಿ ತಿರುಗಿಸಿದ ಕೂಡಲೇ ಇರುತ್ತದೋ, ಗಾಡಿ ಹೊರಟ ಮೇಲೆ ಬರುತ್ತದೋ? ಜೊತೆಗೆ ಕೆಂಪು ದೀಪ ಇದೆಯೋ? ಗುರ್ ಅನ್ನುವುದು ಜೋರಿನಲ್ಲೋ, ನಿಲ್ಲುವಾಗಲೋ? ಇತ್ತೀಚೆಗೆ ಬೇರಿಂಗ್, ಟೈರು ಏನಾದರೂ ಬದಲಾಯಿಸಿದಿರೋ? ಉತ್ತರ ಕೇಳಿ, ‘ಸೆನ್ಸರ್ ನೋಡೋಣ ಬನ್ನಿ’ ಎಂದರು. ಸ್ಕ್ಯಾನರ್ ಹಾಕಿದಾಗ ಎಡಗಡೆ ಮುಂದಿನ ಚಕ್ರ ಎಂದು ತೋರಿಸಿತು. ಚಕ್ರ ಬಿಚ್ಚಿದರು. ಬೆರಳಿನ ಗಾತ್ರದ ಸೆನ್ಸರ್ ಕೂತಿದ್ದ ಕಬ್ಬಿಣದ ಜಾಗದಲ್ಲಿ ತುಕ್ಕು ಹಪ್ಪಳದ ಹಾಗೆ ಉಬ್ಬಿ, ಸೆನ್ಸರನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿತ್ತು. ತುದಿಗೆ ಕಬ್ಬಿಣದ ಪುಡಿ ಮೆತ್ತಿಕೊಂಡಿತ್ತು. ಹುಷಾರಾಗಿ ಬಿಚ್ಚಿ, ತುಕ್ಕು ಉಜ್ಜಿ, ಒರೆಸಿ ಕೂಡಿಸಿದರು. ಎರಡು ಗಂಟೆ ಕೆಲಸ. ದೀಪ ಆರಿತು, ಒದೆತ ನಿಂತಿತು. ಕೊಟ್ಟ ದುಡ್ಡು ಹೇಳಿದರೆ ಆ ಟೈ ಮಹಾಶಯನಿಗೆ ನಾಚಿಕೆಯಾದೀತು.

ಇಷ್ಟನ್ನು ಕೇಳಿ ‘ರಸ್ತೆ ಬದಿ ಮೆಕ್ಯಾನಿಕ್ಕೇ ಶ್ರೇಷ್ಠ, ದೊಡ್ಡ ಸೆಂಟರುಗಳೆಲ್ಲ ಕಳ್ಳರು’ ಎಂದು ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ದೊಡ್ಡ ಸೆಂಟರಿನಲ್ಲಿ ಇರುವ ಉಪಕರಣ ಅವರ ಹತ್ತಿರ ಇಲ್ಲ. ಗೆದ್ದದ್ದು ಉಪಕರಣವಲ್ಲ, ಆ ನಾಲ್ಕು ಪ್ರಶ್ನೆ. ಕಾಯಿಲೆ ಪತ್ತೆ ಮಾಡುವುದು ಶುರುವಾಗುವುದೇ ರೋಗಿಯ ಮಾತಿನಿಂದ. ಹೊಟ್ಟೆನೋವು ಚುಚ್ಚುತ್ತದೋ, ಉರಿಯುತ್ತದೋ, ಹಿಂಡುತ್ತದೋ ಎಂದು ಡಾಕ್ಟರು ಕೇಳುತ್ತಾರಲ್ಲ, ಹಾಗೆ. ಗಾಡಿಗೂ ಅಷ್ಟೇ. ನಮ್ಮ ಭಾಷೆಯಲ್ಲಿ ಸದ್ದಿಗೆ ಎಷ್ಟು ಮಾತಿದೆ ನೋಡಿ! ಬ್ರೇಕ್ ಒತ್ತಿದಾಗ ಕೀಂಯ್ ಎಂದರೆ ಪ್ಯಾಡ್ ಸವೆದಿರಬಹುದು. ಬ್ರೇಕ್ ಮುಟ್ಟದಿದ್ದರೂ ವೇಗ ಏರಿದ ಹಾಗೆಲ್ಲ ಗೊಂಯ್ ಎಂದು ಏರುತ್ತ ಹೋದರೆ ಬೇರಿಂಗಿನ ಕಡೆ ನೋಡಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಎಂದರೆ ಆಕ್ಸಲಿನ ಜಾಯಿಂಟು. ಪೆಡಲೇ ಗುರುಗುಟ್ಟಿದರೆ ಎಬಿಎಸ್. ಹಳ್ಳಿಯ ಡ್ರೈವರಿಗೂ ಗೊತ್ತಿರುವ ಇಷ್ಟು ಭೇದವನ್ನು ನಮ್ಮ ಜಾಬ್ ಕಾರ್ಡು ‘ನಾಯ್ಸ್’ ಎಂಬ ಒಂದೇ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತದೆ.

ಈಗ ಆ ಯಂತ್ರದ ವಿಷಯಕ್ಕೆ ಬರೋಣ. ಎಬಿಎಸ್ ಎಂಬ ಮೂರಕ್ಷರ ಹುಟ್ಟಿದ್ದು ಇಂಗ್ಲಿಷಿನಲ್ಲಿ ಎಂದುಕೊಂಡಿದ್ದೀರಾ? ಅಲ್ಲ! ಅದು ಜರ್ಮನ್. ‘ಆಂಟಿಬ್ಲಾಕಿಯರ್‌ಸಿಸ್ಟಮ್’ ಎಂಬ ಅವರ ಮಾತಿನ ಮೊಟಕು. ಈಗ ನಾವು ಬಳಸುವ ಬಗೆಯ ಎಲೆಕ್ಟ್ರಾನಿಕ್ ಎಬಿಎಸ್ಸನ್ನು ಬಾಷ್ ಕಂಪನಿ ತಯಾರಿಸಿ, ಮರ್ಸಿಡಿಸ್ ಕಾರಿಗೆ ಹಾಕಿ ಮಾರುಕಟ್ಟೆಗೆ ತಂದದ್ದು 1978ರಲ್ಲಿ. ಬಾಷ್ ನಮಗೆ ಹೊರಗಿನವರೇನಲ್ಲ. ಆಡುಗೋಡಿಯಲ್ಲಿ ನಮ್ಮ ಅಪ್ಪಂದಿರು ಪಾಳಿ ಮಾಡಿದ ಮೈಕೋ ಫ್ಯಾಕ್ಟರಿ ಇತ್ತಲ್ಲ, 1951ರಲ್ಲಿ ಶುರುವಾದ ಆ ಮೈಕೋ ಕಂಪನಿಯೇ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡದ್ದು. ಜರ್ಮನರು ತಮ್ಮ ಯಂತ್ರಕ್ಕೆ ತಮ್ಮ ಭಾಷೆಯಲ್ಲಿ ಹೆಸರಿಟ್ಟರು. ಸ್ಟುಟ್‌ಗಾರ್ಟಿನ ಮೆಕ್ಯಾನಿಕ್ ಅದರ ಕೈಪಿಡಿಯನ್ನು ಜರ್ಮನ್‌ನಲ್ಲಿ ಓದುತ್ತಾನೆ. ಅದಕ್ಕಾಗಿ ಅವನನ್ನು ಯಾರೂ ಭಾಷಾಂಧ ಎನ್ನುವುದಿಲ್ಲ!

ಕೆಲಸ ಮಾಡುವ ಬಗೆ ಸರಳ. ಜೋರಾಗಿ ಬ್ರೇಕ್ ಹಾಕಿದರೆ ಚಕ್ರ ತಿರುಗುವುದು ಪೂರ್ತಿ ನಿಂತು, ಗಾಡಿ ಮಾತ್ರ ಜಾರಿಕೊಂಡು ಹೋಗುತ್ತದೆ. ಜಾರುವ ಗಾಡಿಗೆ ಸ್ಟೀರಿಂಗ್ ತಿರುಗಿಸಿದರೂ ಕೇಳುವುದಿಲ್ಲ. ಇದನ್ನು ತಪ್ಪಿಸಲು ಪ್ರತಿ ಚಕ್ರದ ಬಳಿ ಒಂದು ಸೆನ್ಸರ್. ಚಕ್ರದ ಜೊತೆ ತಿರುಗುವ ಹಲ್ಲಿನ ಬಳೆಯೊಂದು ಅದರ ಮುಂದೆ ಓಡುತ್ತದೆ. ಹಲ್ಲು ದಾಟಿದ ಹಾಗೆಲ್ಲ ಸೆನ್ಸರ್ ಎಣಿಸಿ ಸುದ್ದಿ ಕಳಿಸುತ್ತದೆ. ಸುದ್ದಿ ಹೋಗುವುದು ಬಾನೆಟ್ಟಿನ ಕೆಳಗಿರುವ ಪೆಟ್ಟಿಗೆಗೆ. ಒಂದು ಚಕ್ರ ಉಳಿದವಕ್ಕಿಂತ ಥಟ್ಟನೆ ನಿಧಾನವಾದರೆ ‘ಇದು ಕಚ್ಚಿಕೊಳ್ಳುತ್ತಿದೆ’ ಎಂದು ಪೆಟ್ಟಿಗೆ ತಿಳಿದು, ಆ ಚಕ್ರದ ಬ್ರೇಕ್ ಒತ್ತಡವನ್ನು ಸೆಕೆಂಡಿಗೆ ಹತ್ತಾರು ಸಲದ ಲೆಕ್ಕದಲ್ಲಿ ಬಿಟ್ಟು ಹಿಡಿದು ಮಾಡುತ್ತದೆ. ಪೆಡಲ್ ಗುರುಗುಟ್ಟುವುದು ಅದಕ್ಕೇ.

ಇಲ್ಲಿ ಒಂದು ಮಾತು, ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ನಿಜವಾದ ಅಪಾಯದಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಗುರುಗುಟ್ಟಿದರೆ ಗಾಬರಿಯಾಗಿ ಕಾಲು ತೆಗೆಯಬೇಡಿ! ‘ಅಯ್ಯೋ ಬ್ರೇಕ್ ಮುರಿಯಿತು’ ಎಂದು ಕಾಲೆತ್ತುವವರನ್ನು ನಾನೇ ಕಂಡಿದ್ದೇನೆ. ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬಿಟ್ಟು ಬಿಟ್ಟು ಒತ್ತಬೇಡಿ, ಸ್ಟೀರಿಂಗ್ ತಿರುಗಿಸಿ ಪಾರಾಗಿ. ಸಡಿಲ ಜಲ್ಲಿಯ ಮೇಲೆ ಎಬಿಎಸ್ ಇದ್ದರೂ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಅದೂ ನೆನಪಿರಲಿ. ಇಷ್ಟನ್ನು ಕೈಪಿಡಿಯಲ್ಲಿ ಬರೆದಿರುತ್ತಾರೆ. ಯಾವ ಭಾಷೆಯಲ್ಲಿ? ನಿಮ್ಮ ಕಾರಿನ ಡ್ಯಾಶ್‌ಬೋರ್ಡಿನ ಖಾನೆ ತೆಗೆದು ನೋಡಿ, ನನ್ನನ್ನೇನು ಕೇಳುತ್ತೀರಿ?

ಇನ್ನು ದೀಪ. ಹಳದಿ ದೀಪ ಆರದೆ ಉಳಿದರೆ ಎಬಿಎಸ್ ರಜೆ ಹಾಕಿದೆ ಎಂದರ್ಥ. ಮಾಮೂಲಿ ಬ್ರೇಕ್ ಇರುತ್ತದೆ, ಜೋರಾಗಿ ಒತ್ತಿದರೆ ಚಕ್ರ ಕಚ್ಚಿಕೊಳ್ಳಬಹುದು. ನಿಧಾನವಾಗಿ ಓಡಿಸಿಕೊಂಡು ವರ್ಕ್‌ಶಾಪಿಗೆ ಹೋಗಬಹುದು. ಹಳದಿಯ ಜೊತೆ ಕೆಂಪು ಬ್ರೇಕ್ ದೀಪವೂ ಇದ್ದರೆ ಕಥೆ ಬೇರೆ. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಎರಡೂ ಉಳಿದರೆ ಗಾಡಿ ನಿಲ್ಲಿಸಿ. ಬ್ರೇಕ್ ಎಣ್ಣೆ ಇಳಿದಿರಬಹುದು, ಇಲ್ಲವೇ ಹಿಂದಿನ ಮುಂದಿನ ಚಕ್ರಗಳಿಗೆ ಬ್ರೇಕಿನ ಬಲವನ್ನು ಹಂಚುವ ವ್ಯವಸ್ಥೆಯೂ ಕೈಕೊಟ್ಟಿರಬಹುದು. ಆಮೇಲೆ ಶೌರ್ಯ ಬೇಡ, ಟೋ ಮಾಡಿಸಿ. ಮತ್ತೆ ಕೀಲಿ ತಿರುಗಿಸಿದಾಗ ಹೊತ್ತಿಕೊಳ್ಳದೇ ಇರುವ ದೀಪ ಇದೆಯಲ್ಲ, ಅದು ಎಲ್ಲಕ್ಕಿಂತ ಮೋಸದ್ದು. ಹಳೆ ಗಾಡಿ ಮಾರುವ ಕೆಲವು ಪುಣ್ಯಾತ್ಮರು ರೋಗ ವಾಸಿ ಮಾಡುವ ಬದಲು ದೀಪವನ್ನೇ ಕಿತ್ತುಬಿಡುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಬಣ್ಣ, ಮ್ಯೂಸಿಕ್ ಸಿಸ್ಟಮ್ ಆಮೇಲೆ ನೋಡಿ. ಮೊದಲು ಆ ದೀಪ ಹೊತ್ತಿ ಆರುತ್ತದೋ ನೋಡಿ.

ದೀಪ ಬರುವ ಹೊತ್ತೂ ಒಂದು ಸುಳಿವೇ. ಕೀಲಿ ತಿರುಗಿಸಿದ ಕ್ಷಣದಿಂದಲೇ ಇದ್ದರೆ ವಿದ್ಯುತ್ತಿನ ತೊಂದರೆ ಇರುವ ಸಂಭವ ಹೆಚ್ಚು: ಫ್ಯೂಸ್ ಹೋಗಿದೆ, ವೈರು ತುಂಡಾಗಿದೆ, ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದಿದೆ. ಆರಿದ ದೀಪ ಗಾಡಿ ಸ್ವಲ್ಪ ದೂರ ಓಡಿದ ಮೇಲೆ ಬಂದರೆ, ತಂತಿ ಸರಿ ಇದೆ, ಸುದ್ದಿ ಮಾತ್ರ ಬರುತ್ತಿಲ್ಲ. ಆಗ ಸೆನ್ಸರಿನ ತುದಿ, ಹಲ್ಲಿನ ಬಳೆ, ಎರಡರ ನಡುವಿನ ಸಂದು, ಇವುಗಳನ್ನು ನೋಡಬೇಕು. ಸ್ಟೀರಿಂಗ್ ತಿರುಗಿಸಿದಾಗ ಇಲ್ಲವೇ ಗುಂಡಿಗೆ ಬಿದ್ದಾಗ ಮಾತ್ರ ಬಂದರೆ ಚಕ್ರದ ಹಿಂದೆ ಬಾಗುವ ಜಾಗದಲ್ಲಿ ವೈರು ಒಳಗೇ ಮುರಿದಿರಬಹುದು. ನಮ್ಮ ಬೆಂಗಳೂರಿನಲ್ಲಿ ಗುಂಡಿಗೇನು ಬರ, ಪರೀಕ್ಷೆ ಮಾಡಲು ಬಹಳ ದೂರ ಹೋಗಬೇಕಾಗಿಲ್ಲ.

ಊರಿಗೊಂದು ರೋಗ ಬೇರೆ. ಕರಾವಳಿಯಲ್ಲಿ ಉಪ್ಪುಗಾಳಿ ಸೆನ್ಸರಿನ ಬುಡಕ್ಕೆ ತುಕ್ಕು ಹಿಡಿಸುತ್ತದೆ. ಬಿಜಾಪುರ, ರಾಯಚೂರು ಕಡೆ ಧೂಳು. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳಲ್ಲಿ ಇಲಿ! ವಾರಗಟ್ಟಲೆ ನಿಂತ ಕಾರಿನ ವೈರು ಅವಕ್ಕೆ ಹಬ್ಬದೂಟ. ಬ್ಯಾಟರಿ ಸೊರಗಿದ್ದರೂ ಎಬಿಎಸ್ ದೀಪ ಬರುತ್ತದೆ. ಒಂದು ಚಕ್ರಕ್ಕೆ ಬೇರೆ ಅಳತೆಯ ಟೈರು ಹಾಕಿದ್ದರೂ ಪೆಟ್ಟಿಗೆಗೆ ಲೆಕ್ಕ ತಪ್ಪುತ್ತದೆ. ಈಗಿನ ಅನೇಕ ಕಾರುಗಳಲ್ಲಿ ಹಲ್ಲಿನ ಬಳೆಯ ಬದಲು ಬೇರಿಂಗಿನ ಒಂದು ಮುಖದಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಬೇರಿಂಗನ್ನು ತಿರುಗಾಮುರುಗಾ ಕೂಡಿಸಿದರೆ ಮುಗಿಯಿತು, ಸೆನ್ಸರಿಗೆ ಏನೂ ಕಾಣುವುದಿಲ್ಲ. ಅದಕ್ಕೇ ಆ ಹಿರಿಯರು ‘ಇತ್ತೀಚೆಗೆ ಬೇರಿಂಗ್ ಮುಟ್ಟಿಸಿದಿರಾ’ ಎಂದು ಕೇಳಿದ್ದು.

ಸ್ಕ್ಯಾನರ್ ಹಾಕಿದರೆ ಎಲ್ಲ ಗೊತ್ತಾಗುತ್ತದೆ ಎಂಬ ಮೂಢನಂಬಿಕೆ ಬಿಡಿ. ಮೊಬೈಲಿಗೆ ಜೋಡಿಸುವ ಅಗ್ಗದ ಸ್ಕ್ಯಾನರುಗಳು ಬಹಳಷ್ಟು ಇಂಜಿನ್ನಿನ ‘ಪಿ’ ಕೋಡುಗಳನ್ನು ಮಾತ್ರ ಓದುತ್ತವೆ. ಬ್ರೇಕಿನ ಕೋಡುಗಳು ‘ಸಿ’ಯಿಂದ ಶುರುವಾಗುತ್ತವೆ, ಅವನ್ನು ಓದುವ ಸ್ಕ್ಯಾನರ್ ಬೇಕು. ‘ಸಿ-0035’ ಎಂದರೆ ಎಡ ಮುಂದಿನ ಚಕ್ರ, ‘ಸಿ-0040’ ಎಂದರೆ ಬಲ ಮುಂದಿನದು. ಕಂಪನಿಯವರು ತಮ್ಮದೇ ಬೇರೆ ಕೋಡು ಇಟ್ಟುಕೊಳ್ಳುವುದೂ ಉಂಟು. ಆದರೆ ಕೋಡು ಹೇಳುವುದು ‘ಈ ಬೀದಿಯಲ್ಲಿ ಗಲಾಟೆ ಇದೆ’ ಎಂದಷ್ಟೇ. ಯಾವ ಮನೆಯಲ್ಲಿ ಎಂದು ಹೇಳುವುದಿಲ್ಲ. ಸೆನ್ಸರೋ, ತಂತಿಯೋ, ಬಳೆಯೋ, ಕನೆಕ್ಟರೋ ಎಂದು ಮನುಷ್ಯನೇ ಹೋಗಿ ನೋಡಬೇಕು. ಇನ್ನು ನನ್ನ ಕಾರಿಗೆ ಬಂದಂಥ ರೋಗದಲ್ಲಿ ಮೊದಮೊದಲು ಕೋಡೇ ಬರದೆ ಇರಬಹುದು. ಸುದ್ದಿ ಬಲಹೀನವಾಗಿದೆ, ನಿಂತಿಲ್ಲ. ನಿಧಾನದಲ್ಲಿ ಅದು ಪೂರ್ತಿ ಅಡಗಿ, ಪೆಟ್ಟಿಗೆ ‘ಚಕ್ರ ಕಚ್ಚಿಕೊಂಡಿತು’ ಎಂದು ಮೋಸಹೋಗಿ ಬ್ರೇಕ್ ಬಿಡುತ್ತದೆ. ಇದನ್ನು ಹಿಡಿಯಲು ಗಾಡಿ ಓಡುವಾಗ ನಾಲ್ಕೂ ಚಕ್ರದ ವೇಗವನ್ನು ಸ್ಕ್ಯಾನರಿನ ಪರದೆಯಲ್ಲಿ ಒಟ್ಟಿಗೆ ನೋಡಬೇಕು. ಮೂರು ಚಕ್ರ ಹತ್ತು ಎನ್ನುವಾಗ ಒಂದು ಸೊನ್ನೆ ಎಂದರೆ ಕಳ್ಳ ಸಿಕ್ಕ. (ಓಡಿಸುವವನೇ ಪರದೆ ನೋಡಬೇಡಿ, ಪಕ್ಕದಲ್ಲಿ ಗೆಳೆಯನನ್ನು ಕೂರಿಸಿಕೊಳ್ಳಿ.)

ಮೀಟರ್ ಹಿಡಿಯುವ ಹುಡುಗರಿಗೆ ಒಂದು ಎಚ್ಚರಿಕೆ. ಹಳೆಯ ಬಗೆಯ ಸೆನ್ಸರ್ ಬರೀ ಸುರುಳಿ ತಂತಿ. ಅದರ ಓಮ್ ಅಳೆಯಬಹುದು, ಎಡಬಲ ಹೋಲಿಸಬಹುದು, ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸಣ್ಣ ಎ.ಸಿ. ವೋಲ್ಟೇಜ್ ಬರುವುದನ್ನೂ ನೋಡಬಹುದು. ಹೊಸ ಬಗೆಯದರಲ್ಲಿ ಒಳಗೇ ಎಲೆಕ್ಟ್ರಾನಿಕ್ಸ್ ಇದೆ. ಅದಕ್ಕೆ ಓಮ್ ಮೀಟರ್ ಹಚ್ಚಿದರೆ ಏನೂ ತಿಳಿಯುವುದಿಲ್ಲ, ಸೆನ್ಸರೇ ಸುಡಬಹುದು. ಅದಕ್ಕೆ ವೋಲ್ಟೇಜ್ ಸರಿಯಾಗಿ ಬರುತ್ತಿದೆಯೋ ಎಂದು ಮೊದಲು ನೋಡಬೇಕು. ಪೆಟ್ಟಿಗೆ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಕೆಡುತ್ತದೆ. ಆದರೆ ಫ್ಯೂಸು, ಅರ್ತು, ತಂತಿ, ಸೆನ್ಸರು, ಬಳೆ ಎಲ್ಲ ನೋಡಿ ಮುಗಿದ ಮೇಲೆ ಕೊನೆಯಲ್ಲಿ ಪೆಟ್ಟಿಗೆಯ ಸರದಿ. ಮೊದಲಲ್ಲೇ ಪೆಟ್ಟಿಗೆಗೆ ಕೈ ಹಾಕುವವನು ಒಂದೋ ಕಲಿತಿಲ್ಲ, ಇಲ್ಲ ಬಹಳ ಚೆನ್ನಾಗಿ ಕಲಿತಿದ್ದಾನೆ!

ಈಗ ನಮ್ಮ ಹುಡುಗ ಇದನ್ನೆಲ್ಲ ಎಲ್ಲಿ ಕಲಿಯಬೇಕು? ಐಟಿಐ ಮುಗಿಸಿದ ಮಂಡ್ಯದ ಹುಡುಗ, ಚನ್ನಗಿರಿಯ ಹುಡುಗ ಯೂಟ್ಯೂಬ್ ನೋಡಿ ಕಲಿಯುತ್ತಾನೆ. ಅಲ್ಲಿ ಅಮೆರಿಕದವನು ‘ಡ್ರೈವರ್ ಸೈಡ್ ಫ್ರಂಟ್’ ಸೆನ್ಸರ್ ಬದಲಿಸಿ ಎನ್ನುತ್ತಾನೆ. ಅವನ ದೇಶದಲ್ಲಿ ಡ್ರೈವರ್ ಕೂರುವುದು ಎಡಗಡೆ. ನಮ್ಮಲ್ಲಿ ಬಲಗಡೆ. ಹುಡುಗ ಬಲಗಡೆಯ ಒಳ್ಳೆಯ ಸೆನ್ಸರ್ ಕಿತ್ತು ಹೊಸದು ಹಾಕುತ್ತಾನೆ, ದೀಪ ಆರುವುದಿಲ್ಲ, ಓನರ್ ಬೈಯುತ್ತಾನೆ, ಹುಡುಗ ‘ನನಗೆ ಇಂಗ್ಲಿಷ್ ಬರಲ್ಲ, ನಾನು ದಡ್ಡ’ ಎಂದುಕೊಳ್ಳುತ್ತಾನೆ. ದಡ್ಡ ಅವನಲ್ಲ ಸ್ವಾಮಿ! ‘ಎಡ’ ‘ಬಲ’ ಎಂಬ ಎರಡು ಪದವನ್ನು ಅವನ ಭಾಷೆಯಲ್ಲಿ ಅವನಿಗೆ ಕೊಡದ ನಾವು ದಡ್ಡರು.

2019ರ ಏಪ್ರಿಲ್‌ನಿಂದ ಮಾರುವ ಹೊಸ ಕಾರಿಗೆಲ್ಲ ಎಬಿಎಸ್ ಕಡ್ಡಾಯ, 125 ಸಿಸಿ ಮೀರಿದ ಹೊಸ ಬೈಕುಗಳಿಗೂ ಕಡ್ಡಾಯ. ಕಡ್ಡಾಯ ಮಾಡಿದ್ದು ಒಳ್ಳೆಯದೇ, ಜೀವ ಉಳಿಯುತ್ತದೆ. ಆದರೆ ಯಂತ್ರ ಕಡ್ಡಾಯ ಮಾಡಿದವರು ಅದರ ತಿಳಿವಳಿಕೆಯನ್ನು ಕಡ್ಡಾಯ ಮಾಡಲಿಲ್ಲ. ನಮ್ಮ ರಾಜ್ಯದ್ದೇ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇದೆ, 2022ರದು, 2024ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಈ ನಾಡಿನಲ್ಲಿ ತಯಾರಾಗುವ ವಸ್ತುಗಳ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಎನ್ನುತ್ತದೆ ಅದು. ಬಿಡದಿಯಲ್ಲಿ ಕಾರು ತಯಾರಾಗುತ್ತದೆ. ಕಾರು ವಸ್ತುವಲ್ಲವೇ? ಪೊಟ್ಟಣದ ಮೇಲಿನ ಉಪ್ಪಿಗೆ ಕನ್ನಡ ಬೇಕು, ಬ್ರೇಕಿಗೆ ಬೇಡವೇ?

ಬರೀ ಸರ್ಕಾರವನ್ನು ಬೈದು ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದು ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಎಂದು ಕೂಗಿದೆವು. ಸರಿಯಾಗೇ ಕೂಗಿದೆವು. ಬೋರ್ಡು ಕನ್ನಡವಾಯಿತು. ಬಾಗಿಲು ದಾಟಿ ಒಳಗೆ ಹೋದರೆ ಜಾಬ್ ಕಾರ್ಡು, ಎಸ್ಟಿಮೇಟು, ಬಿಲ್ಲು, ವಾರಂಟಿ ಷರತ್ತು ಎಲ್ಲ ಇಂಗ್ಲಿಷು. ಸುಲಿಗೆ ನಡೆಯುವುದು ಬೋರ್ಡಿನಲ್ಲಲ್ಲ, ಬಿಲ್ಲಿನಲ್ಲಿ! ಇನ್ನೊಂದು ಕಡೆ ನಮ್ಮ ಪಂಡಿತರು. ಅವರ ಕೈಗೆ ಎಬಿಎಸ್ ಕೊಟ್ಟರೆ ‘ಚಕ್ರಸ್ತಂಭನ ನಿರೋಧಕ ಗತಿನಿಯಂತ್ರಣ ವ್ಯವಸ್ಥೆ’ ಎಂದೇನೋ ಮಾಡಿ ಕೊಡುತ್ತಾರೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಗಾಡಿ ಮರಕ್ಕೆ ಗುದ್ದಿರುತ್ತದೆ. ಬೇಡ ಮಾರಾಯರೇ. ಸೆನ್ಸರ್ ಸೆನ್ಸರೇ ಇರಲಿ, ಬೇರಿಂಗ್ ಬೇರಿಂಗೇ ಇರಲಿ, ಅವೆಲ್ಲ ಜೆ.ಸಿ. ರಸ್ತೆಯಲ್ಲಿ ಎಂದೋ ಕನ್ನಡವಾಗಿವೆ. ಬೇಕಾದದ್ದು ವಾಕ್ಯ. ‘ಎಡ ಮುಂದಿನ ಚಕ್ರದ ಸೆನ್ಸರಿನಿಂದ ಸುದ್ದಿ ಬರುತ್ತಿಲ್ಲ, ತಂತಿ ನೋಡಿದೆವು, ಸರಿ ಇದೆ, ಸೆನ್ಸರ್ ಬದಲಿಸಬೇಕು’ ಎಂದು ಬಿಲ್ಲಿನ ಮೇಲೆ ಬರೆಯಲು ಯಾವ ನಿಘಂಟು ಬೇಕು?

ಹಾಗಾಗಿ ಮುಂದಿನ ಸಲ ಕೌಂಟರಿನ ಮುಂದೆ ನಿಂತಾಗ ಹೀಗೆ ಮಾಡಿ. ದೂರನ್ನು ಕನ್ನಡದಲ್ಲಿ ನೀವೇ ಬರೆದುಕೊಂಡು ಹೋಗಿ: ಯಾವಾಗ, ಎಷ್ಟು ವೇಗದಲ್ಲಿ, ಯಾವ ದೀಪ, ಯಾವ ಸದ್ದು. ಅದನ್ನು ಜಾಬ್ ಕಾರ್ಡಿಗೆ ಲಗತ್ತಿಸಿ ಎನ್ನಿ. ಕೋಡು ಯಾವುದು ಬಂತು ಎಂದು ಬರೆಸಿಕೊಳ್ಳಿ. ಬದಲಿಸಿದ ಹಳೆಯ ಭಾಗವನ್ನು ವಾಪಸು ಕೇಳಿ. ಕೂಗಾಡಬೇಡಿ, ಕೌಂಟರಿನಲ್ಲಿ ಕೂತವಳು ನಮ್ಮ ತಂಗಿಯೇ, ಸಾಫ್ಟ್‌ವೇರ್ ಬರೆದವಳು ಅವಳಲ್ಲ.

ಕಳೆದ ತಿಂಗಳು ತಂಗಿಯ ಕಾರು ಬಿಡಲು ನಾನು ಅದೇ ಸೆಂಟರಿಗೆ ಹೋಗಬೇಕಾಯಿತು. ಆ ಗಾಡಿಗೆ ವಾರಂಟಿ ಇತ್ತು. ಅದೇ ಹಾಸನದ ಹುಡುಗಿ. ಈ ಸಲ ಗೊಂಯ್ ಎನ್ನುವ ಸದ್ದು, ಆಗೊಮ್ಮೆ ಈಗೊಮ್ಮೆ ಹಳದಿ ದೀಪ. ನಾನು ಚೀಟಿ ಮುಂದಿಟ್ಟೆ. ‘ಸಾರ್, ಸಿಸ್ಟಮ್ಮು ಕನ್ನಡ ತಗೊಳಲ್ಲ’ ಎಂದಳು. ‘ನೀವು ತಗೋತೀರಲ್ಲ’ ಎಂದೆ. ನಕ್ಕಳು. ಜಾಬ್ ಕಾರ್ಡನ್ನು ತಿರುಗಿಸಿ, ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ, ದುಂಡಗಿನ ಅಕ್ಷರದಲ್ಲಿ ನನ್ನ ನಾಲ್ಕು ಸಾಲನ್ನೂ ಬರೆದು ಒಳಗೆ ಕಳಿಸಿದಳು. ಹತ್ತು ನಿಮಿಷ ಕಳೆದಿರಬೇಕು. ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತ ಒಬ್ಬ ಹುಡುಗ ಒಳಗಿನಿಂದ ಎದ್ದು ಬಂದ. ಕೈಯಲ್ಲಿ ಅದೇ ಕಾರ್ಡು, ಹಿಂಬದಿ ಮೇಲೆ ಮಾಡಿ ಹಿಡಿದಿದ್ದ.

‘ಸಾರ್, ಈ ಗೊಂಯ್ ಅನ್ನೋದು ಸ್ಟೀರಿಂಗ್ ಎಡಕ್ಕೆ ತಿರುಗಿಸಿದಾಗ ಜಾಸ್ತಿ ಆಗುತ್ತಾ, ಬಲಕ್ಕಾ?’